ಚಹದಲ್ಲಿ ಅದ್ದಿದ ಪ್ರಾಚೀನತೆ

ಕೈಯಿಂದ ಕಟ್ಟಿದ ದಿನಚರಿಪುಸ್ತಕವೆಂದರೆ ಅದು ನೋಡಿದೊಡನೆ ಹಳೆಯದೆಂದು ತೋರಬೇಕು, ಅದರ ಹಾಳೆಗಳು ಕಂದಿರಬೇಕು, ಅಂಚುಗಳು ಸುಟ್ಟಿರಬೇಕು, ಹೊದಿಕೆಯ ತೊಗಲಿನಿಂದ ಯಾವ ಬೀಗಕ್ಕೂ ಸೇರದ ಹಿತ್ತಾಳೆಯ ಬೀಗದ ಕೈಯೊಂದು ತೂಗಾಡುತ್ತಿರಬೇಕು, ಮತ್ತು ಇಷ್ಟೆಲ್ಲ ಲಕ್ಷಣಗಳು ಕೂಡಿಬಂದ ಮೇಲೆ ಅದರಲ್ಲಿ ಏನನ್ನೂ ಬರೆಯದೆ ಕಪಾಟಿನಲ್ಲಿ ಜೋಪಾನವಾಗಿ ಇಡಬೇಕು ಎಂಬ ಅಭಿಪ್ರಾಯವೊಂದು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾವಂತರ ನಡುವೆ ಬೇರೂರಿದೆ. ಇದರ ಕಡೆಯ ಭಾಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ಆಚರಣೆಯಲ್ಲಿ ಮಾತ್ರ ಎಲ್ಲರೂ ತಪ್ಪದೆ ಪಾಲಿಸುತ್ತಾರೆ. ಕರಕುಶಲ ಮೇಳಗಳಲ್ಲಿ, ಉಡುಗೊರೆಯ ಅಂಗಡಿಗಳಲ್ಲಿ, ಭಾನುವಾರದ ತರಬೇತಿ ಶಿಬಿರಗಳಲ್ಲಿ ಈ ಮತವು ನಿರಾತಂಕವಾಗಿ ಬೋಧಿಸಲ್ಪಡುತ್ತಿದೆ. ಅದಕ್ಕೆ 'ಸಾಂಪ್ರದಾಯಿಕ ಪುಸ್ತಕಬಂಧ'ವೆಂದೂ 'ತ್ಯಾಜ್ಯದ ಪುನರುಪಯೋಗ'ವೆಂದೂ ಎರಡು ಗಂಭೀರವಾದ ಬಿರುದುಗಳು ದೊರೆತಿವೆ. ಈ ಎರಡರಲ್ಲಿ ಒಂದಕ್ಕೂ ಆ ವಸ್ತು ಅರ್ಹವಲ್ಲವೆಂಬುದು ನನ್ನ ವಾದ.

ವಾದಕ್ಕೆ ನಿಮಿತ್ತವಾದುದು ನನ್ನ ತಮ್ಮನ ಮಗಳ ಬಳಿಯಿರುವ ಅಂಥದೊಂದು ಪುಸ್ತಕ. ಅವಳ ಇಪ್ಪತ್ತನೆಯ ಹುಟ್ಟುಹಬ್ಬಕ್ಕೆ ಗೆಳತಿಯರೆಲ್ಲ ಹಣ ಕೂಡಿಸಿ ತಂದುಕೊಟ್ಟದ್ದು. ಕೊಟ್ಟು ಎರಡು ವರ್ಷ ಕಳೆದಿದೆ. ಕಂದುಬಣ್ಣದ ತೊಗಲು, ಬೆನ್ನಿನ ಮೇಲೆ ಎದ್ದು ಕಾಣುವ ದಪ್ಪದಾರದ ಹೆಣಿಗೆ, ಚಹದಲ್ಲಿ ಅದ್ದಿ ಒಣಗಿಸಿದ ಹಾಳೆಗಳು, ಮೇಣದಬತ್ತಿಯ ಉರಿಗೆ ಹಿಡಿದು ಕರಿಕುಗಟ್ಟಿಸಿದ ಅಂಚು. ತೆರೆದು ನೋಡಿದೆ. ಮೊದಲ ಪುಟ ಬರಿದು, ನಡುವಿನ ಪುಟ ಬರಿದು, ಕಡೆಯ ಪುಟವೂ ಬರಿದು.

"ಏನಮ್ಮ, ಒಂದು ಸಾಲೂ ಬರೆದಿಲ್ಲವಲ್ಲ?" ಎಂದೆ.

"ಇದ್ರಲ್ಲಿ ಬರೆಯೋಕೆ ಧೈರ್ಯಾನೇ ಬರಲ್ಲ ದೊಡ್ಡಪ್ಪ. ನನ್ನ ಅಕ್ಷರ ಬಿದ್ರೆ ಹಾಳಾಗಿಬಿಡತ್ತೆ."

ತನ್ನ ಕೈಬರಹವೇ ತನ್ನ ಪುಸ್ತಕಕ್ಕೆ ಕಳಂಕವೆಂದು ಒಬ್ಬ ಬುದ್ಧಿವಂತೆಯಾದ ಹುಡುಗಿ ನಂಬಿ ಕೂರುವಂತೆ ಮಾಡಬಲ್ಲ ವಸ್ತುವನ್ನು ನಾವು ಕರಕೌಶಲದ ವಿಜಯವೆಂದು ಕೊಂಡಾಡುತ್ತಿದ್ದೇವೆ. ಅವಳು ಆ ವಾರದ ಸಾಮಾನಿನ ಪಟ್ಟಿಯನ್ನು ಬರೆದುಕೊಂಡಿದ್ದುದು ಬ್ಯಾಂಕಿನವರು ಕಳುಹಿಸಿದ ಲಕೋಟೆಯೊಂದರ ಬೆನ್ನಿನ ಮೇಲೆ. ಪುನರುಪಯೋಗವೆಂಬ ಮಾತಿಗೆ ಆ ಮನೆಯಲ್ಲಿ ಅರ್ಥವಿದ್ದರೆ ಅದು ಆ ಲಕೋಟೆಯಲ್ಲಿತ್ತು.

ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಹೇಳಿಬಿಡುವುದು ನ್ಯಾಯ. ಯಂತ್ರದಿಂದ ಲಕ್ಷಗಟ್ಟಲೆ ಹೊರಬೀಳುವ ವಸ್ತುಗಳ ನಡುವೆ ಮನುಷ್ಯಹಸ್ತದ ಗುರುತುಳ್ಳದ್ದೊಂದು ಕಣ್ಣಿಗೆ ಬಿದ್ದರೆ ಮನಸ್ಸು ನಿಂತು ನೋಡುತ್ತದೆ; ನಿಂತು ನೋಡುವುದೇ ಸಂಸ್ಕಾರದ ಆರಂಭ; ಪ್ರಾಚೀನತೆಯ ಛಾಯೆ ಬರವಣಿಗೆಗೆ ಒಂದು ಘನತೆಯನ್ನು ತರುತ್ತದೆ; ಎಸೆಯಬೇಕಾಗಿದ್ದ ಚೂರುಪಾರುಗಳು ಅಲ್ಲಿ ಅಲಂಕಾರವಾಗಿ ಮರುಜನ್ಮ ಪಡೆಯುತ್ತವೆ; ಸಂಜೆಯೆಲ್ಲ ದೂರವಾಣಿಯ ತೆರೆಯನ್ನು ಉಜ್ಜುತ್ತ ಕಳೆಯುವುದಕ್ಕಿಂತ ಸೂಜಿ ದಾರ ಹಿಡಿದು ಕೂರುವುದು ಲೇಸಲ್ಲವೆ ಎಂದು ಅವರು ಕೇಳುತ್ತಾರೆ. ಕಡೆಯ ಮಾತನ್ನು ನಾನು ಒಪ್ಪುತ್ತೇನೆ. ಉಳಿದ ಮಾತುಗಳೆಲ್ಲ ಒಂದೇ ತಪ್ಪು ಗ್ರಹಿಕೆಯಿಂದ ಹುಟ್ಟಿದುವು: ಹಿಂದಿನವರು ಪುಸ್ತಕ ಕಟ್ಟುತ್ತಿದ್ದಾಗ ಅವರ ಕಣ್ಣಮುಂದಿದ್ದುದು ಈಗ ನಮ್ಮ ಕಣ್ಣಿಗೆ ಕಾಣುವ ಆ ಹಳಮೆಯ ಚೆಲುವೇ ಎಂಬ ಗ್ರಹಿಕೆ.

ನಮ್ಮ ನಾಡಿನ ಕಡತವನ್ನೇ ತೆಗೆದುಕೊಳ್ಳೋಣ. ಇಂದು ಈ ಶಬ್ದ ಕೇಳಿದೊಡನೆ ಸರ್ಕಾರಿ ಕಚೇರಿಯ ಕೆಂಪುದಾರವೂ 'ಕಡತ ವಿಲೇವಾರಿ'ಯೂ ನೆನಪಾಗುವುವಷ್ಟೆ; ಕಡತವು ಒಂದು ಕಾಲಕ್ಕೆ ಕೈಯಲ್ಲಿ ಮಡಿಚಿ ಹಿಡಿಯುವ ಬಟ್ಟೆಯ ಪುಸ್ತಕವಾಗಿತ್ತೆಂಬುದು ಅದನ್ನು ದಿನವೂ ವಿಲೇವಾರಿ ಮಾಡುವವರಿಗೇ ಮರೆತುಹೋಗಿದೆ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಯೊಂದಕ್ಕೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲಿನ ಪುಡಿ ಕಲಸಿ ಎರಡು ಮಗ್ಗುಲಿಗೂ ಬಳಿದು, ಚೆನ್ನಾಗಿ ಒಣಗಿಸಿ, ಎಲ್ಲಿಯೂ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಹಿಂದಕ್ಕೂ ಮುಂದಕ್ಕೂ ಮಡಿಚಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಕೂಡಿಸಿದರೆ ಕಡತವಾಯಿತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿ, ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಬರೆಯುವುದು ಬಳಪದಿಂದ, ಕಪ್ಪಿನ ಮೇಲೆ ಬಿಳಿದಾಗಿ. ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದು. ಲೇಪ ಸವೆದರೆ ಮತ್ತೊಮ್ಮೆ ಬಳಿಯಬಹುದು. ವರ್ತಕರು ಲೇವಾದೇವಿಯ ಲೆಕ್ಕವಿಟ್ಟದ್ದೂ ಇದರಲ್ಲಿ, ಶೃಂಗೇರಿಯಂಥ ಮಠಗಳು ತಮ್ಮ ಆದಾಯವ್ಯಯಗಳನ್ನೂ ದತ್ತಿಗಳನ್ನೂ ದಾಖಲಿಸಿದ್ದೂ ಇದರಲ್ಲಿ.

ಕಡತದ ಹಲಗೆಗಳಿಗೆ ಬಣ್ಣ ಹಚ್ಚಿ ಮೆರುಗು ಕೊಡುವುದಿತ್ತು. ಅದನ್ನು ಮುಚ್ಚಿಟ್ಟು ವಾದಿಸುವುದು ನನಗೆ ಬೇಕಿಲ್ಲ. ಆದರೆ ಆ ಬಣ್ಣವನ್ನು ಕಂಡು ಯಾವ ಶಾನುಭೋಗನೂ ತನ್ನ ಅಕ್ಷರ ಬಿದ್ದರೆ ಕಡತ ಹಾಳಾದೀತೆಂದು ಬಳಪವನ್ನು ಕೆಳಗಿಡಲಿಲ್ಲ. ಬಟ್ಟೆಯನ್ನು ಕಪ್ಪಾಗಿಸಿದ್ದು ಬಳಪದ ಗೆರೆ ಕಾಣಲೆಂದು, ಹುಣಿಸೆಬೀಜ ಬಂದದ್ದು ಅಂಟಿಗಾಗಿ, ಮಡಿಕೆ ಬಂದದ್ದು ಹದಿನೆಂಟು ಅಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಲೆಂದು. ಆ ವಸ್ತುವಿನಲ್ಲಿ ಕಾರಣವಿಲ್ಲದ ಒಂದು ಬೆರಳಗಲದ ಜಾಗವನ್ನು ಯಾರಾದರೂ ತೋರಿಸಲಿ. ಇನ್ನು ನಮ್ಮ ಉಡುಗೊರೆಯ ಅಂಗಡಿಯ ಪುಸ್ತಕದಲ್ಲಿ, ಆ ಬೀಗದ ಕೈ ಏತಕ್ಕೆ?

ಹಳೆಯ ಚಿಂದಿಯ ವಿಷಯಕ್ಕೆ ಬರುವಾಗ ಈ ತಪ್ಪು ಇನ್ನೂ ವಿಚಿತ್ರವಾದ ರೂಪವನ್ನು ತಾಳುತ್ತದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ರೈತರಿಗೆ ಮಣ್ಣಿನ ಹರವಿಯೊಂದರಲ್ಲಿ ತೊಗಲಿನ ಹೊದಿಕೆಯ ಪುಸ್ತಕಗಳು ದೊರೆತುವು. ಅವು ಹೆಚ್ಚಾಗಿ ಒಂದೇ ಕಟ್ಟಿನ ಪುಸ್ತಕಗಳು, ಎಂದರೆ ಪಪೈರಸ್ ಹಾಳೆಗಳನ್ನೆಲ್ಲ ಒಟ್ಟಿಗೆ ಪೇರಿಸಿ ಒಮ್ಮೆಗೇ ನಡುವೆ ಮಡಿಚಿ ತೊಗಲಿನ ಬಾರಿನಿಂದ ಬಿಗಿದವು. ತೊಗಲು ಮೆತ್ತಗಿರುವುದರಿಂದ ಹೊದಿಕೆ ಗಡುಸಾಗಲೆಂದು ಅದರ ಒಳಬದಿಗೆ ಬಳಸಿ ಬಿಟ್ಟ ಪಪೈರಸ್ ಚೂರುಗಳನ್ನು ಪದರಪದರವಾಗಿ ಅಂಟಿಸಿದ್ದರು. ವಿದ್ವಾಂಸರು ಆ ಪದರಗಳನ್ನು ಬಿಡಿಸಿ ನೋಡಲಾಗಿ ಅವು ಯಾರದೋ ಲೆಕ್ಕಪತ್ರ, ಯಾರದೋ ರಸೀದಿ, ಯಾರದೋ ಖಾಸಗಿ ಕಾಗದ. ಏಳನೆಯ ಸಂಪುಟದ ಹೊದಿಕೆಯೊಳಗಿನ ಚೂರುಗಳಲ್ಲಿ ಕ್ರಿಸ್ತಶಕ 348ರ ತಾರೀಖು ಸಿಕ್ಕಿದ್ದರಿಂದಲೇ ಆ ಪುಸ್ತಕವನ್ನು ಕಟ್ಟಿದ್ದು ಅದಕ್ಕಿಂತ ಮೊದಲಲ್ಲವೆಂದು ಹೇಳುವುದು ಸಾಧ್ಯವಾಯಿತು. ಯೂರೋಪಿನಲ್ಲಿಯೂ ಹೀಗೆಯೇ ನಡೆಯಿತು. ಅಚ್ಚು ಬಂದ ಮೇಲೆ ಬೇಡವಾದ ಚರ್ಮದ ಹಸ್ತಪ್ರತಿಗಳನ್ನು ಅಲ್ಲಿನ ಬಂಧಕಾರರು ಪಟ್ಟಿಪಟ್ಟಿಯಾಗಿ ಸೀಳಿ ಹೊಸ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಮೆತ್ತಿದರು.

ಈ ಉದಾಹರಣೆಗಳಲ್ಲೆಲ್ಲ ಚಿಂದಿಯ ಸ್ಥಾನ ಎಲ್ಲಿತ್ತೆಂಬುದನ್ನು ಓದುಗರು ಗಮನಿಸಬೇಕು. ಅದು ಒಳಗಿತ್ತು, ಯಾವ ಕಡೆ ಬಲ ಬೇಕೋ ಆ ಕಡೆ, ಯಾರ ಕಣ್ಣಿಗೂ ಬೀಳದಂತೆ, ಮೂಳೆಯಂತೆ ಇತ್ತು. ಈಗಿನವರು ಇದನ್ನು ಯಥಾವತ್ತಾಗಿ ತಿರುಗಿಸಿದ್ದಾರೆ. ಒಳಗೆ ಅಂಗಡಿಯಿಂದ ಆಗತಾನೆ ತಂದ ಹೊಸ ಕಾಗದ; ಹೊರಗೆ, ಎಲ್ಲರಿಗೂ ಕಾಣುವಂತೆ, ಚಿಂದಿ. ಆ ಚಿಂದಿಯೂ ಅನೇಕ ವೇಳೆ ಚಿಂದಿಯಲ್ಲ. ಹಳೆಯ ಅಂಚೆಚೀಟಿ, ಹಳೆಯ ರೈಲು ಟಿಕೆಟ್ಟು, ಹಳೆಯ ಕಾಗದದ ತುಣುಕುಗಳಂತೆಯೇ ಕಾಣುವ ಹೊಸ ಹಾಳೆಗಳನ್ನು ಬಣ್ಣದಲ್ಲಿ ಅಚ್ಚುಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಾರುತ್ತಾರೆ. ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಕಸವನ್ನು ಕಾರ್ಖಾನೆಯಲ್ಲಿ ಉತ್ಪಾದಿಸಿ, ಅದನ್ನು ಕೊಂಡು, ಕತ್ತರಿಸಿ ಅಂಟಿಸಿ, ಇದೋ ತ್ಯಾಜ್ಯವನ್ನು ಉದ್ಧರಿಸಿದೆವೆಂದು ಸಂತೋಷಪಡುವ ಈ ಪರಿಯನ್ನು ನಮ್ಮ ಪೂರ್ವಿಕರು ಕಲ್ಪಿಸಿಕೊಳ್ಳಲೂ ಆರರು.

ಇಲ್ಲಿಯವರೆಗೆ ಹೇಳಿದ್ದು ನಗೆಗೇಡಿನ ಮಾತು. ನಗಲಾಗದ ಮಾತೂ ಒಂದಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯ ಮುಂದೆ ನಿಂತಿದ್ದಾಗ, ಬಿಡಿ ಹಾಳೆಗಳಿಗೆಂದೇ ಹಳೆಯ ಕನ್ನಡ ಪುಸ್ತಕಗಳನ್ನು ಕೇಳಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಅವರಿಗೆ ಪುಸ್ತಕದ ಹೆಸರು ಬೇಡ, ಕರ್ತೃ ಬೇಡ. ಕಾಗದ ಹಳದಿಯಾಗಿರಬೇಕು, ಅಚ್ಚಿನ ಮೊಳೆ ಹಳೆಯ ಕಾಲದ್ದಾಗಿರಬೇಕು. ಗೆದ್ದಲು ಅರ್ಧ ತಿಂದ, ಪುಟಗಳು ಕಾಣೆಯಾದ, ಬೇರೆ ಪ್ರತಿಗಳು ಹೇರಳವಾಗಿರುವ ಪುಸ್ತಕವಾದರೆ ನಾನು ತಕರಾರು ಹೇಳುವವನಲ್ಲ. ರದ್ದಿಯವನ ತಕ್ಕಡಿಗೆ ಹೋಗುವುದಕ್ಕಿಂತ ಅದು ಲೇಸೇ. ಆದರೆ ಹಳದಿಯ ಗಾಢತೆಯನ್ನು ನೋಡಿ ಆರಿಸುವ ಕಣ್ಣು ಈ ಭೇದವನ್ನು ಎಣಿಸುವುದಿಲ್ಲ. ಮತ್ತೊಂದು ಪ್ರತಿ ಎಲ್ಲಿದೆಯೋ ತಿಳಿಯದ ಒಂದು ಸಣ್ಣ ಊರಿನ ಸ್ಥಳಪುರಾಣವೂ, ಸಾವಿರಾರು ಪ್ರತಿಗಳಿರುವ ಪಠ್ಯಪುಸ್ತಕವೂ ಅದಕ್ಕೆ ಒಂದೇ.

ಓಲೆಗರಿಗಳಿಗೂ ಈ ಗತಿ ತಪ್ಪಲಿಲ್ಲ. ಕಟ್ಟು ಬಿಚ್ಚಿ ಬಿಡಿಗರಿಗಳನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ಗ್ರಂಥವೆಂಬ ಶಬ್ದಕ್ಕೆ ಕಟ್ಟಿದ್ದು, ಪೋಣಿಸಿದ್ದು ಎಂಬುದೇ ಮೂಲಾರ್ಥ, ಸೂತ್ರವೆಂದರೆ ದಾರ. ಗರಿಗಳ ರಂಧ್ರದ ಮೂಲಕ ಹಾಯುವ ಹುರಿಯೇ ಆ ಗರಿಗಳಿಗೆ ಅನುಕ್ರಮವನ್ನು ಕೊಟ್ಟದ್ದು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಲ್ಪಟ್ಟು 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿಯಿತಲ್ಲ, ಅದಕ್ಕೆ ಶಾಸ್ತ್ರಿಗಳ ಪಾಂಡಿತ್ಯ ಕಾರಣ; ಅವರಿಗಿಂತ ಮುಂಚೆ, ಹೆಸರಿಲ್ಲದ ಅನೇಕರು ಆ ಗರಿಗಳಿಗೆ ಕಾಲಕಾಲಕ್ಕೆ ಎಣ್ಣೆ ಸವರಿ ಹುರಿಯನ್ನು ಬದಲಾಯಿಸಿ ಕಟ್ಟು ಕೆಡದಂತೆ ನೋಡಿಕೊಂಡದ್ದೂ ಕಾರಣ. ಅದರ ನಡುವಿನ ಒಂದು ಗರಿ ಯಾರದೋ ಪಡಸಾಲೆಯ ಗೋಡೆಯ ಮೇಲಿದ್ದಿದ್ದರೆ ಅಲ್ಲಿ ಅದು ಬಹಳ ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಪುಸ್ತಕ ಕಟ್ಟುವುದನ್ನು ಕಲಿತದ್ದು ಒಂದು ಅಚ್ಚುಕೂಟದ ಹಿಂಭಾಗದ ತಗಡಿನ ಮಾಡಿನ ಕೆಳಗೆ. ಕಲಿತೆನೆಂದರೆ ಅತಿಶಯವಾದೀತು, ಕುಳಿತು ನೋಡಿದೆ, ಬೇಡವೆನ್ನುವಷ್ಟು ಬೈಸಿಕೊಂಡೆ, ಆರೇಳು ಪುಸ್ತಕಗಳನ್ನು ಕೆಡಿಸಿದೆ. ಅಲ್ಲಿದ್ದ ವೃದ್ಧ ಬೈಂಡರಿಗೆ ಚೆಲುವಿನ ಬಗ್ಗೆ ಯಾವ ಸಿದ್ಧಾಂತವೂ ಇರಲಿಲ್ಲ. ಒಂದು ದಿನ ಅವರ ಮಣೆಯ ಮೇಲೆ ಕಿಟ್ಟೆಲರ ನಿಘಂಟಿನ ಹಳೆಯ ಪ್ರತಿಯೊಂದಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಆ 1,752 ಪುಟಗಳ ಮಹಾಕಾಯ. ಹಿಂದೆ ಯಾರೋ ಒಮ್ಮೆ ಮರುಕಟ್ಟಿದ್ದ ಪ್ರತಿ ಅದು. ರಟ್ಟು ಕಳಚಿತ್ತು, ಕ್ಯಾಲಿಕೊ ಹರಿದಿತ್ತು. ಆದರೆ ಫಾರಂಗಳ ಹೊಲಿಗೆ ಒಂದೆರಡು ಕಡೆ ಬಿಟ್ಟರೆ ಗಟ್ಟಿಯಾಗಿಯೇ ಇತ್ತು. ಬೆನ್ನಿನ ಮೇಲಿನ ಒಣಗಿದ ಅಂಟನ್ನು ಒದ್ದೆಬಟ್ಟೆಯಿಂದ ನೆನೆಸಿ ಕೆರೆದಾಗ ಅದರ ಕೆಳಗೆ ಅಚ್ಚಾದ ಕಾಗದದ ಪಟ್ಟಿಯೊಂದು ಎದ್ದುಬಂತು. ಯಾವುದೋ ಜಾತ್ರೆಯ ಕರಪತ್ರದ ಚೂರು, 'ಭಕ್ತಾದಿಗಳು' ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ಅವರು ಅದನ್ನು ನನಗೆ ತೋರಿಸಿ ನಗಲೂ ಇಲ್ಲ, ಎತ್ತಿಡಲೂ ಇಲ್ಲ. ಕೆರೆದು ಬುಟ್ಟಿಗೆ ಹಾಕಿ, ಬೇರೆ ಯಾವುದೋ ಕೆಲಸದಲ್ಲಿ ಉಳಿದಿದ್ದ ಕಾಗದದ ಪಟ್ಟಿಯನ್ನು ಅದೇ ಜಾಗಕ್ಕೆ ಕತ್ತರಿಸಿದರು.

ಮೈದಾಹಿಟ್ಟಿನ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕುವುದು ಜಿರಲೆ ಮುಟ್ಟದಿರಲೆಂದು. ದಾರಕ್ಕೆ ಮೇಣ ಸವರುವುದು ಹಾಳೆಯನ್ನು ಕೊಯ್ಯದೆ ಜಾರಲೆಂದು. ಕಾಗದದ ನಾರು ಯಾವ ಕಡೆಗೆ ಓಡುತ್ತದೋ ಆ ಕಡೆಗೇ ಮಡಿಕೆ ಬರಬೇಕೆಂಬುದನ್ನು ಅವರು ಹೇಳಿಕೊಡಲಿಲ್ಲ. ಒಂದು ಹಾಳೆಯನ್ನು ಎರಡು ದಿಕ್ಕಿಗೂ ಹರಿದು ತೋರಿಸಿದರು. ಒಂದು ದಿಕ್ಕಿಗೆ ಅದು ಗೆರೆ ಎಳೆದಂತೆ ನೆಟ್ಟಗೆ ಹರಿಯಿತು, ಇನ್ನೊಂದು ದಿಕ್ಕಿಗೆ ಅಂಕುಡೊಂಕಾಗಿ. ನಾರಿಗೆ ಅಡ್ಡವಾಗಿ ಮಡಿಚಿದ ಹಾಳೆಗಳ ಪುಸ್ತಕ ಎಂದಿಗೂ ಮಣಿಯುವುದಿಲ್ಲ, ಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. "ಪುಸ್ತಕ ಮಲಗ್ಬೇಕು ಸ್ವಾಮಿ," ಎಂದರು ಅವರು, ನನ್ನ ಮೊದಲ ಪುಸ್ತಕ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಎದ್ದು ಕುಳಿತದ್ದನ್ನು ನೋಡಿ. "ಬರೆಯೋರು ಒಂದು ಕೈಲಿ ಅದನ್ನ ಅದುಮ್ಕೊಂಡೇ ಇರೋಕಾಗತ್ತಾ?"

ಆ ಮಾತಿನ ಬೆಳಕಿನಲ್ಲಿ ನನ್ನ ತಮ್ಮನ ಮಗಳ ಪುಸ್ತಕವನ್ನು ಪರೀಕ್ಷಿಸಿದೆ. ಮೇಜಿನ ಮೇಲೆ ತೆರೆದಿಟ್ಟೆ. ಕೈ ತೆಗೆದೊಡನೆ ಮುಚ್ಚಿಕೊಂಡಿತು. ಸ್ವಲ್ಪ ಬಲವಾಗಿ ಅದುಮಿದೆ. ಬೆನ್ನಿನಲ್ಲಿ ಚಟ್ಟೆಂದು ಸದ್ದಾಗಿ ನಡುವಿನ ನಾಲ್ಕು ಹಾಳೆಗಳು ಬಿಡಿಯಾಗಿ ಕೈಗೆ ಬಂದುವು. ಆಗ ನಿಜ ತಿಳಿಯಿತು. ಹೊರಗೆ ತೊಗಲಿನ ಮೇಲೆ ಮೆರೆಯುತ್ತಿದ್ದ ಆ ದಪ್ಪದಾರದ ಹೆಣಿಗೆ ತೊಗಲಿನಲ್ಲಿಯೇ ಹುಟ್ಟಿ ತೊಗಲಿನಲ್ಲಿಯೇ ಮುಗಿದಿತ್ತು. ಹಾಳೆಗಳನ್ನು ಅದು ಮುಟ್ಟಿಯೂ ಇರಲಿಲ್ಲ. ಬಿಡಿಬಿಡಿಯಾಗಿ ಕತ್ತರಿಸಿದ ಹಾಳೆಗಳ ಬೆನ್ನಿಗೆ ಬಿಸಿ ಅಂಟು ಸುರಿದು ತೊಗಲಿಗೆ ಮೆತ್ತಿದ್ದರು. ಅಗ್ಗದ ಕಾದಂಬರಿಗಳಿಗೆ ಮಾಡುವ ಕೆಲಸವೂ ಇದೇ. ಆದರೆ ಆ ಕಾದಂಬರಿಗಳು ತಾವು ಹೊಲಿಸಿಕೊಂಡವರೆಂದು ಹೇಳಿಕೊಳ್ಳುವುದಿಲ್ಲ. ಕೈಯಿಂದ ಕಟ್ಟಿದ ಎಲ್ಲ ಪುಸ್ತಕಗಳೂ ಹೀಗಿವೆಯೆಂದು ನಾನು ಹೇಳುವುದಿಲ್ಲ. ಶ್ರದ್ಧೆಯಿಂದ ಹೊಲಿಯುವವರು ಈಗಲೂ ಇದ್ದಾರೆ, ಅವರಲ್ಲಿ ಕೆಲವರು ನನಗಿಂತ ನೂರುಪಾಲು ಚೆನ್ನಾಗಿ ಹೊಲಿಯುತ್ತಾರೆ. ನನ್ನ ವಾದ ಅಭಿಪ್ರಾಯದ ಮೇಲೆ. ಹಳೆಯದಾಗಿ ಕಾಣುವುದೇ ಗುಣವೆಂದು ಒಮ್ಮೆ ಒಪ್ಪಿಬಿಟ್ಟರೆ ಹೊಲಿಗೆಯು ಹೊಲಿಯಬೇಕಾದ ಅಗತ್ಯವೇ ಉಳಿಯುವುದಿಲ್ಲ, ಹೊಲಿಗೆಯಂತೆ ಕಂಡರೆ ಸಾಕು.

ಚಹದ ಮಾತೂ ಇಷ್ಟೇ. ಹಾಳೆಯ ಮೇಲೆ ಶಾಯಿ ಹರಡದಿರಲೆಂದು ಕಾರ್ಖಾನೆಯಲ್ಲಿ ಪಿಷ್ಟವನ್ನೋ ಅಂಥ ಬೇರೊಂದು ವಸ್ತುವನ್ನೋ ಸೇರಿಸಿರುತ್ತಾರೆ. ಬಿಸಿ ಚಹದಲ್ಲಿ ಮುಳುಗಿಸಿದರೆ ಆ ಬಂಧ ಸಡಿಲವಾಗುತ್ತದೆ. ಚಹದ ಒಗರು ಆಮ್ಲಗುಣವುಳ್ಳದ್ದು, ಆಮ್ಲವು ಕಾಗದದ ನಾರಿಗೆ ಶತ್ರು. ಹಳೆಯ ಕಾಗದ ಕಂದುವುದು ಅದರ ರೋಗ. ರೋಗದ ಬಣ್ಣವನ್ನು ಆರೋಗ್ಯವಂತನಿಗೆ ಬಳಿದು, ಆ ಬಣ್ಣದೊಡನೆ ರೋಗದ ಬೀಜವನ್ನೂ ಬಿತ್ತುವುದು ಯಾವ ಸಂಪ್ರದಾಯದಲ್ಲಿಯೂ ಇರಲಿಲ್ಲ.

ನಿಜವಾದ ಪುನರುಪಯೋಗವನ್ನು ನಾನು ಕಂಡದ್ದು ಬಾಲ್ಯದಲ್ಲಿ, ಏಪ್ರಿಲ್ ತಿಂಗಳಲ್ಲಿ. ಪರೀಕ್ಷೆಗಳು ಮುಗಿದು ಫಲಿತಾಂಶ ಬಂದ ಮೇಲಿನ ಒಂದು ಮಧ್ಯಾಹ್ನ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು ನಮ್ಮೆಲ್ಲರ ಹಳೆಯ ನೋಟ್‌ಬುಕ್ಕುಗಳನ್ನು ಜಗಲಿಯ ಮೇಲೆ ಹರಡಿ, ಬರೆಯದೆ ಉಳಿದ ಹಾಳೆಗಳನ್ನು ಜೋಡಿಜೋಡಿಯಾಗಿ ಬಿಡಿಸಿ, ಮಡಿಕೆಯ ಮೇಲೆ ಮಡಿಕೆ ಕೂಡಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಮೂರು ತೂತು ಚುಚ್ಚಿ, ನಡುವಿನಿಂದ ಹೊರಟ ದಾರವನ್ನು ಮೇಲಕ್ಕೂ ಕೆಳಕ್ಕೂ ಹಾಯಿಸಿ ಮತ್ತೆ ನಡುವಿಗೇ ತಂದು ಗಂಟು ಹಾಕುತ್ತಿದ್ದರು. ಗಣಿತದ ಚೌಕಳಿ ಹಾಳೆ, ಇಂಗ್ಲಿಷಿನ ನಾಲ್ಕು ಗೆರೆಯ ಹಾಳೆ, ಕನ್ನಡದ ಒಂದು ಗೆರೆಯ ಹಾಳೆ ಎಲ್ಲವೂ ಒಂದೇ ಪುಸ್ತಕದಲ್ಲಿ. ಹೊದಿಕೆಗೆ ಕಳೆದ ವರ್ಷದ ಕ್ಯಾಲೆಂಡರು. ಲಕ್ಷ್ಮಿಯ ಚಿತ್ರವನ್ನು ಅವರು ಒಳಮುಖವಾಗಿ ಮಡಿಚುತ್ತಿದ್ದರು, ಏಕೆಂದರೆ ಬಿಳಿಯ ಮಗ್ಗುಲು ಹೊರಗಿದ್ದರೆ ಹೆಸರು ಬರೆಯಲು ಅನುಕೂಲ. ಆ ರಫ್ ಪುಸ್ತಕಗಳಲ್ಲಿ ನಾವು ಲೆಕ್ಕ ಮಾಡಿದೆವು, ಬೆಟ್ಟು ಕಟ್ಟಿದೆವು, ತಂದೆಯವರು ಹಾಲಿನ ಲೆಕ್ಕ ಬರೆದರು. ಒಂದಾದರೂ ಉಳಿದಿಲ್ಲ, ಎಲ್ಲವೂ ಒಲೆಗೆ ಹೋದುವು. ಬಂದ ಲಕೋಟೆಗಳನ್ನು ಬಿಡಿಸಿ ಒಳಮಗ್ಗುಲಲ್ಲಿ ಬರೆಯುತ್ತಿದ್ದ ಗಾಂಧೀಜಿಯವರ ಅಭ್ಯಾಸವನ್ನು ತಂದೆಯವರು ಆಗಾಗ ಹೇಳುತ್ತಿದ್ದುದುಂಟು. ಆದರೆ ಅವರು ಹೊಲಿಯುತ್ತಿದ್ದುದು ಗಾಂಧೀಜಿಯವರಿಗಾಗಿ ಅಲ್ಲ, ಜೂನ್ ತಿಂಗಳ ಖರ್ಚಿಗಾಗಿ.

ಹಾಗಾದರೆ ನಿನಗೆ ಚೆಲುವೇ ಬೇಡವೆ ಎಂದು ಕೇಳುವವರಿಗೆ, ಬೇಕು ಎನ್ನುತ್ತೇನೆ. ಉತ್ತರ ಕರ್ನಾಟಕದ ಕೌದಿಗಿಂತ ಚೆಲುವಾದ ಹಳೆಬಟ್ಟೆಯ ಕೆಲಸವನ್ನು ನಾನು ಕಂಡಿಲ್ಲ; ಅದನ್ನು ಹೊದ್ದು ಮಲಗುತ್ತಾರೆ. ಮತ್ತೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೋಟ್‌ಬುಕ್ಕು ಸಾಲದೆ ಎಂದು ಕೇಳುವ ವ್ಯವಹಾರಜ್ಞರಿಗೆ, ಧಾರಾಳವಾಗಿ ಸಾಕು ಎನ್ನುತ್ತೇನೆ. ಕೈಯಿಂದ ಹೊಲಿದ ಪುಸ್ತಕಕ್ಕೆ ಅದರ ಮೇಲೆ ಇರುವ ಹೆಚ್ಚಳ ಮೂರೇ: ಅದು ಮಲಗುತ್ತದೆ, ಹರಿದರೆ ಮತ್ತೆ ಹೊಲಿಯಬಹುದು, ಮನೆಯಲ್ಲಿ ಇದ್ದುದರಿಂದಲೇ ಆಗುತ್ತದೆ. ಈ ಮೂರೂ ಇಲ್ಲವಾದ ಮೇಲೆ ಮೇಲಿನ ತೊಗಲಿಗೆ ಬೆಲೆ ಕಟ್ಟುವ ಕೆಲಸ ಚಮ್ಮಾರನದೇ ಹೊರತು ಬಂಧಕಾರನದಲ್ಲ.

ಮುರಿದ ಪುಸ್ತಕಕ್ಕೆ ಕಾರಣನಾದವನು ನಾನಾದ್ದರಿಂದ ಅದನ್ನು ಸರಿಪಡಿಸುವ ಹೊಣೆಯೂ ನನ್ನದಾಯಿತು. ತೊಗಲನ್ನು ಬಿಚ್ಚಿದೆ, ಅಂಟನ್ನು ಕಿತ್ತೆ, ಬಿಡಿ ಹಾಳೆಗಳಿಗೆ ಎರಡೆರಡಾಗಿ ಸಣ್ಣ ಕಾಗದದ ಪಟ್ಟಿ ಅಂಟಿಸಿ ಜೋಡಿ ಮಾಡಿದೆ, ಪಟ್ಟಿಗಳಿಗೆ ಆ ಬ್ಯಾಂಕಿನ ಲಕೋಟೆಗಳೇ ಒದಗಿದುವು. ಕರಿಕಾದ ಅಂಚನ್ನು ಕತ್ತರಿಸಿ ತೆಗೆಯಲು ಅವಳು ಒಪ್ಪಲಿಲ್ಲ. ನಾಲ್ಕು ಸಂಜೆಗಳ ಕೆಲಸ. ಐದನೆಯ ದಿನ ಪುಸ್ತಕ ಮೇಜಿನ ಮೇಲೆ ತೆರೆದು ಮಲಗಿತು. ಲಕೋಟೆಯ ನೀಲಿ ಗೀಟುಗಳು ಮಡಿಕೆಯಲ್ಲಿ ಅಲ್ಲಲ್ಲಿ ಇಣುಕುತ್ತಿದ್ದುವು. "ಇನ್ನು ಇದು ಹಾಳಾಗೋಕೆ ಏನೂ ಉಳಿದಿಲ್ಲ" ಎಂದು ನಕ್ಕು ಅವಳು ಪೆನ್ನು ತೆಗೆದು ಮೊದಲ ಪುಟದಲ್ಲಿ ಅವಳ ಅಜ್ಜಿ ಹೇಳಿದ ಗೊಜ್ಜಿನ ಅಳತೆಯನ್ನು ಬರೆಯತೊಡಗಿದಳು. ಮೂರನೆಯ ಅಕ್ಷರಕ್ಕೇ ಶಾಯಿ ಚಹದ ಕಲೆಯಲ್ಲಿ ಹರಡಿಕೊಂಡು, ಎರಡು ಚಮಚ ಹುಣಿಸೆಹಣ್ಣೋ ಮೂರು ಚಮಚವೋ ತಿಳಿಯದಂತಾಯಿತು. ಈಗ ಪೆನ್ಸಿಲಿನಲ್ಲಿ ಬರೆಯುತ್ತಾಳೆ.